ಬೋರಲು ಮಲಗಬೇಕಾದ ಏಳು ದಿನ

ದೇವದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ದಾಖಲೆಯ ಪ್ರಕಾರ ತಾಯಪ್ಪ ಹುಟ್ಟಿದ್ದು 1972ರ ಜೂನ್ 1ರಂದು. ಆ ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜೂನ್ 1ರಂದೇ ಹುಟ್ಟಿದವರಾದ್ದರಿಂದ ಈ ತಾರೀಖನ್ನು ನಂಬುವಂತಿಲ್ಲ. ನಂಬಬಹುದಾದ ಮೊದಲ ತಾರೀಖು 1994ರ ನವೆಂಬರ್ 8. ಅಂದು ಅವನು ಹೈದರಾಬಾದಿಗೆ ಬಂದಿಳಿದ. ಹದಿನಾಲ್ಕು ತಿಂಗಳು ಜೀಡಿಮೆಟ್ಲಾದಲ್ಲಿ ಕಟ್ಟುತ್ತಿದ್ದ ಕಾರ್ಖಾನೆಗಳಿಗೆ ಇಟ್ಟಿಗೆ ಹೊತ್ತ. ಅನಂತರ ನೆಲಕ್ಕೆ ಟೈಲ್ಸ್ ಹಾಕುವುದನ್ನು ಕಲಿತ. ಕಲಿತ ಮೇಲೆ ಬೇರೆ ಕೆಲಸಕ್ಕೆ ಕೈ ಹಾಕಲಿಲ್ಲ. ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಮೊಣಕಾಲೂರಿ, ತಲೆ ತಗ್ಗಿಸಿ ಕುಳಿತನೆಂದರೆ ಸಂಜೆಯವರೆಗೆ ಮೇಲೆ ನೋಡುವವನಲ್ಲ.

2024ರ ಜನವರಿ 17, ಬುಧವಾರ. ಉಪ್ಪಲ್‌ನ ಹೊಸ ಕಟ್ಟಡವೊಂದರ ಐದನೆಯ ಅಂತಸ್ತಿನಲ್ಲಿ ಅವನು ಹಾಕಿದ ಸಾಲು ಸೊಟ್ಟಗೆ ಕಂಡಿತು. ಮೂರು ಟೈಲ್ಸ್ ಕಿತ್ತು ಮತ್ತೆ ಕೂರಿಸಿದ. ಮತ್ತೆ ಸೊಟ್ಟ. ಜೊತೆಗಿದ್ದ ಅಕ್ಕನ ಮಗ ಗುರುಶಾಂತ ಮೂಲೆಮಟ್ಟವಿಟ್ಟು ನೋಡಿದ. ಸಾಲು ನೇರವಾಗಿಯೇ ಇತ್ತು.

“ದಾರಾನ ಸೊಟ್ಟ ಐತಿ ನೋಡೋ,” ಎಂದ ತಾಯಪ್ಪ.

“ಬಿಗಿದು ಕಟ್ಟಿದ ದಾರ ಹೆಂಗ ಸೊಟ್ಟ ಆಕೈತಿ ಮಾವಾ? ಮುಂಜಾನೆ ಚಾ ಕುಡಿದ್ಯೋ, ಮತ್ತೇನರ ಕುಡಿದ್ಯೋ?”

ತಾಯಪ್ಪ ನಗಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣಿನಿಂದ ದಾರವನ್ನು ದಿಟ್ಟಿಸಿದ. ಯಾರೋ ಚಿಮಟಿಗೆಯಲ್ಲಿ ಹಿಡಿದು ಎಳೆದಂತೆ ಅದು ನಡುವೆ ಒಳಕ್ಕೆ ಬಾಗಿತ್ತು. ಬಾಗಿದ ಜಾಗದಲ್ಲಿ ದಾರವೇ ಇರಲಿಲ್ಲ.

ಹನ್ನೆರಡು ದಿನ ತಡಮಾಡಿ, ಜನವರಿ 29ರ ಸೋಮವಾರ, ನಗರದ ಒಂದು ಕಣ್ಣಿನ ಆಸ್ಪತ್ರೆಗೆ ಹೋದ. ತಡಮಾಡಿದ್ದು ತಪ್ಪು, ಅದನ್ನು ಅವನೂ ಒಪ್ಪುತ್ತಾನೆ. ಅಲ್ಲಿ ಸಣ್ಣ ಚೌಕಗಳನ್ನು ಗೀಚಿದ ಹಾಳೆಯೊಂದನ್ನು ಅವನ ಮುಂದಿಟ್ಟು, ಯಾವ ಗೆರೆ ಬಾಗಿ ಕಾಣುತ್ತದೆಂದು ಕೇಳಿದರು. ಕೇಳಿದವಳು ಕೋಕಿಲಾ ಎಂಬ ಮೈಸೂರಿನ ಹುಡುಗಿ. ಅಕ್ಷಿಪಟಲದ ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನು ಅಳೆಯುವ ಸಂಶೋಧನೆಯೊಂದರಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವುದು ಆಕೆಯ ಕೆಲಸ.

“ಇದು ನಮ್ಮ ಕೆಲಸದ ನಕ್ಷೀನ ಆತಲ್ರಿ,” ಎಂದ ತಾಯಪ್ಪ, ಪೆನ್ಸಿಲು ಕೇಳಿ ಪಡೆದು, ಬಾಗಿದ ಆರು ಗೆರೆಗಳನ್ನು ಬಾಗಿದ ಹಾಗೆಯೇ ಬರೆದು ಕೊಟ್ಟ. ಯಂತ್ರದಲ್ಲಿ ತೆಗೆದ ಚಿತ್ರದಲ್ಲಿ ದೋಷ ಇದ್ದುದು ಸರಿಯಾಗಿ ಅದೇ ಜಾಗದಲ್ಲಿ: ಅಕ್ಷಿಪಟಲದ ನಟ್ಟನಡುವೆ ಒಂದು ತೂತು, ಅಗಲ 420 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಗೋಡೆಯ ಪಟದಲ್ಲಿ ಗುರುತುಗಳು ಯಾವ ದಿಕ್ಕಿಗೆ ತೆರೆದಿವೆಯೆಂದು ಕೈಯಿಂದ ತೋರಿಸುವ ಪರೀಕ್ಷೆಯಲ್ಲಿ ಬಲಗಣ್ಣು ನೂರರಲ್ಲಿ ಸರಿಯಾಗಿ ಹೇಳಿದ್ದು 34 ಗುರುತುಗಳನ್ನು ಮಾತ್ರ.

ವೈದ್ಯೆ ತೆಲುಗಿನಲ್ಲಿ ವಿವರಿಸಿದರು. ಕೋಕಿಲಾ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣೊಳಗೆ ಅನಿಲದ ಗುಳ್ಳೆಯೊಂದನ್ನು ಬಿಡುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇರುವುದರಿಂದ, ರೋಗಿ ಮುಖ ಕೆಳಗೆ ಮಾಡಿಕೊಂಡಿದ್ದರೆ ಅದು ಹಿಂಬದಿಯ ತೂತನ್ನು ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ತೂತಿನ ಅಂಚುಗಳು ಕೂಡಿಕೊಳ್ಳಲು ಅವಕಾಶವಿರುತ್ತದೆ. ಹೀಗೆ ಮೂರು ದಿನ ಇದ್ದರೆ ಸಾಕೆ, ಏಳು ದಿನ ಬೇಕೆ ಎಂಬುದೇ ಸಂಶೋಧನೆಯ ಪ್ರಶ್ನೆ. ಅದಕ್ಕೆ ಸೇರಲು ಒಪ್ಪಿದವರಲ್ಲಿ ಯಾರಿಗೆ ಎಷ್ಟು ದಿನ ಎಂಬುದು, ಚೀಟಿ ಎತ್ತಿದ ಹಾಗೆ, ಮುಚ್ಚಿದ ಲಕೋಟೆಯಲ್ಲಿರುತ್ತದೆ.

“ನಾ ಒಲ್ಲೆ ಅಂದ್ರ ಆಪರೇಶನ್ ಬಿಡ್ತೀರೇನ್ರಿ?”

“ಇಲ್ಲ ತಾಯಪ್ಪನೋರೆ. ಒಪ್ಪಿದ್ರೂ ಮಾಡ್ತೀವಿ, ಒಪ್ಪದಿದ್ರೂ ಮಾಡ್ತೀವಿ. ಒಪ್ಪಿದ್ರೆ ಪ್ರತಿ ಗಂಟೆ ಲೆಕ್ಕ ಬರೀಬೇಕು, ಅಷ್ಟೇ.”

“ಟೈಲ್ಸ್ ಕುಂದ್ರೂತನಕ ಅದರ ಮ್ಯಾಗ ಕಾಲಿಡಬಾರದು, ಅಷ್ಟ ಅಲ್ರಿ? ತಿಳೀತು, ತಗೋರಿ,” ಎಂದು ತಾಯಪ್ಪ ರುಜು ಹಾಕಿದ.

ಶಸ್ತ್ರಚಿಕಿತ್ಸೆ ನಡೆದದ್ದು ಫೆಬ್ರುವರಿ 13ರ ಮಂಗಳವಾರ. ಲಕೋಟೆಯಲ್ಲಿದ್ದದ್ದು ಏಳು ದಿನ. ಉಪ್ಪಲ್‌ನ ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆ ಹಾಸಿ, ಹಣೆಗೆ ದಿಂಬು ಕೊಟ್ಟು, ಅವನನ್ನು ಬೋರಲು ಮಲಗಿಸಲಾಯಿತು. ಹೆಂಡತಿ ಶಂಕ್ರಮ್ಮ ಎರಡು ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುವವಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮನೆಯಲ್ಲಿರುವಂತಿರಲಿಲ್ಲ. ಆ ಹೊತ್ತು ನೋಡಿಕೊಳ್ಳಲೆಂದು ಊರಿನಿಂದ ತಾಯಪ್ಪನ ಸೋದರತ್ತೆ ಹಂಪಮ್ಮ ಬಂದಿದ್ದಳು. ತಾಯಪ್ಪನನ್ನು ಎತ್ತಿ ಆಡಿಸಿದವಳು. ವಯಸ್ಸು ಎಪ್ಪತ್ತರ ಮೇಲೆ. ಎಷ್ಟು ಮೇಲೆ ಎಂಬುದಕ್ಕೆ ದಾಖಲೆಯಿಲ್ಲ.

ಆಸ್ಪತ್ರೆಯ ದಿನಚರಿಯಲ್ಲಿ ಗಂಟೆಗೊಂದು ಚೌಕವಿತ್ತು. ಶಂಕ್ರಮ್ಮ ಹೋಗುವಾಗ ಗಂಡ ಬೋರಲು ಮಲಗಿರುತ್ತಿದ್ದ, ಬಂದಾಗಲೂ ಹಾಗೆಯೇ ಇರುತ್ತಿದ್ದ. ಆದ್ದರಿಂದ ನಡುವಿನ ಮೂರು ಚೌಕಗಳಿಗೂ ನಿಶ್ಚಿಂತೆಯಿಂದ ಗುರುತು ಹಾಕುತ್ತಿದ್ದಳು.

ಫೆಬ್ರುವರಿ 17, ಶನಿವಾರ. ನಿಯಮದಂತೆ ರೋಗಿಯ ಮನೆಗೆ ಒಮ್ಮೆ ಭೇಟಿ ಕೊಡಬೇಕಾಗಿದ್ದ ಕೋಕಿಲಾ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಹಂಪಮ್ಮ ನಿದ್ದೆಹೋದ ತಾಯಪ್ಪನ ಭುಜದ ಕೆಳಗೆ ಕೈ ತೂರಿಸಿ, ಕೂಸನ್ನು ತಿರುವುವ ಹಾಗೆ ಮೆತ್ತಗೆ, ಅವನನ್ನು ಅಂಗಾತ ಹೊರಳಿಸುತ್ತಿದ್ದಳು.

“ಅಜ್ಜೀ! ಏನ್ ಮಾಡ್ತಿದೀರ?”

“ಸಾವಕಾಶ ಮಾತಾಡ ತಂಗಿ, ಎಚ್ಚರ ಆಕ್ಕಾನ.”

ಅಷ್ಟರಲ್ಲಿ ಎಚ್ಚರವಾಗಿಯೇ ಇತ್ತು. ತಾಯಪ್ಪ ಗಾಬರಿಯಿಂದ ಬೋರಲಾದ. ಕೋಕಿಲಾ ಮೊದಲು ನೋವಿದೆಯೇ, ಕಣ್ಣು ಬಿಗಿಯುತ್ತಿದೆಯೇ ಎಂದು ವಿಚಾರಿಸಿದಳು, ಇಲ್ಲವೆಂದ. ಆಮೇಲೆ ಹಂಪಮ್ಮನ ಕಡೆ ತಿರುಗಿದಳು.

“ಎಷ್ಟು ದಿನದಿಂದ ಹೀಗೆ ಮಾಡ್ತಿದೀರ?”

“ನಿಮಗ ಓದು ಬರತೈತಿ, ರೀತಿ ಬರಂಗಿಲ್ಲ. ಜೀವ ಇದ್ದ ಮನಷ್ಯಾನ ಹಿಂಗ ಬೋರಲ ಹಾಕ್ತಾರೇನ?” ಎಂದು ಮುದುಕಿ ದನಿಯೇರಿಸಿದಳು. ಆಮೇಲೆ ಆ ದನಿ ತಾನಾಗಿಯೇ ಇಳಿಯಿತು. “ಇವರಪ್ಪ, ನಮ್ಮಣ್ಣ, ಹೊಲದಾಗ ಹಿಂಗ ಬೋರಲ ಬಿದ್ದಿದ್ದ. ಬುತ್ತಿ ಒಯ್ದಾಕಿ ನಾನು. ಮಕ್ಕೊಂಡಾನ ಅಂದ್ಕೊಂಡು ಎಬ್ಬಸಾಕ ಹೋದೆ. ತಿರುವಿ ಹಾಕಿದ್ರ ಜೀವಾನ ಇರಲಿಲ್ಲ. ಈಗ ಇವ ಹಂಗ ಮಕ್ಕೊಂಡು ಸದ್ದಿಲ್ಲದಂಗ ಆದ ಕೂಡಲೆ ನನ್ನ ಕೈ ನಿಂದ್ರಂಗಿಲ್ಲವ್ವಾ.”

ತಾಯಪ್ಪ ದಿಂಬಿನೊಳಗಿನಿಂದಲೇ ಹೇಳಿದ: “ಅತ್ತೀ, ದಿನಾ ನೀನ ತಿರುವಿದ್ಯಾ? ನಾನ ನಿದ್ದಿಗಣ್ಣಾಗ ಹೊಳ್ಳೀನಿ ಅಂತ ತಿಳಕೊಂಡಿದ್ದೆ.”

“ಅಂದ್ರೆ ನಿಮಗೆ ಗೊತ್ತಿತ್ತು,” ಎಂದಳು ಕೋಕಿಲಾ.

“ಮೂರು ದಿನ ಎಚ್ಚರ ಆದಾಗ ಅಂಗಾತ ಇದ್ದೆರಿ. ಸುಮ್ನ ಹೊಳ್ಳಿ ಮಕ್ಕೊಂಡೆ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರ ಹೆಸರು ತಗದು ಹಾಕ್ತೀರಿ, ಕಣ್ಣು ನೋಡೂದ ಬಿಡ್ತೀರಿ ಅಂತ.”

ಕೋಕಿಲಾ ಉಸಿರು ಬಿಟ್ಟು ನೆಲದ ಮೇಲೆ ಕುಳಿತಳು. “ಯಾರೂ ತೆಗೆದು ಹಾಕಲ್ಲ. ನಿಜ ಬರೀಬೇಕು, ಅಷ್ಟೇ. ನೀವು ಸುಳ್ಳು ಬರೆದ್ರೆ, ನಿಮ್ಮ ಹಿಂದೆ ಬರೋ ನೂರು ಜನಕ್ಕೆ ಎಷ್ಟು ದಿನ ಮಲಗ್ಬೇಕು ಅಂತ ನಾವು ತಪ್ಪು ಹೇಳ್ತೀವಿ.”

ದಿನಚರಿಯನ್ನು ತಿದ್ದಲಾಯಿತು. ಸಂಶೋಧನೆಯ ದಾಖಲೆಯಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪು ಓದಲು ಸಿಗುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ರುಜು ಮತ್ತು ತಾರೀಖು ಹಾಕಬೇಕು. ಎಲ್ಲ ಕಚೇರಿಗಳೂ ಅನುಸರಿಸಬೇಕಾದ ಪದ್ಧತಿ ಇದು. 14, 15 ಮತ್ತು 16ನೆಯ ತಾರೀಖುಗಳಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಅಂಗಾತ ಎಂದು ದಾಖಲಾಯಿತು. ಕೋಕಿಲಾ ಬಾಗಿಲ ಹೊರಗೆ ನಿಂತು ವೈದ್ಯೆಗೆ ಫೋನು ಮಾಡಿ ಬಂದಳು. ಇನ್ನು ಮುಂದೆ ತಪ್ಪಬಾರದು. ಆದ ತಪ್ಪಿನಿಂದ ಕೆಡುಕಾಗಿದೆಯೋ ಇಲ್ಲವೋ ಎಂಬುದು ಗುಳ್ಳೆ ಕರಗುವವರೆಗೆ ಯಾರಿಗೂ ಕಾಣುವುದಿಲ್ಲ, ಎಂದರಂತೆ.

“ಅಂದ್ರ ನನ್ನ ಕೈಲೆ ಕಣ್ಣು ಹೋತೇನವ್ವಾ?” ಎಂದು ಹಂಪಮ್ಮ ಕೇಳಿದಳು. “ಈಗಲೇ ಗೊತ್ತಾಗಲ್ಲ ಅಜ್ಜಿ,” ಎಂದಳು ಕೋಕಿಲಾ.

ಉಳಿದ ಮೂರು ದಿನಕ್ಕೆ ಉಪಾಯ ಸೂಚಿಸಿದವಳು ನಾಲ್ಕು ಗಂಟೆಗೆ ಮರಳಿದ ಶಂಕ್ರಮ್ಮ. ಮುಖ ಕೆಳಗಿದ್ದರಾಯಿತು, ಮಲಗಲೇಬೇಕೆಂದಿದೆಯೇ ಎಂದು ಕೇಳಿದಳು. ಇಲ್ಲ ಎಂದಳು ಕೋಕಿಲಾ. ಜೋಳದ ಡಬ್ಬಿಯ ಮೇಲೆ ಎರಡು ಕೌದಿ ಮಡಚಿಟ್ಟು ತಾಯಪ್ಪನನ್ನು ಅದರ ಮುಂದೆ ಕೂರಿಸಿ, ಹಣೆ ಊರಿಸಿದರು. ಹಂಪಮ್ಮ ಸುತ್ತ ಒಂದು ಸಲ ನಡೆದು ನೋಡಿದಳು.

“ಹಿಂಗಾದ್ರ ಅಡ್ಡಿಲ್ಲ. ಕುಂತಾನ ಅಂದ್ರ ಅದಾನ ಅಂತ ಗೊತ್ತಾಕೈತಿ.”

ಅಂದಿನಿಂದ ಮಧ್ಯಾಹ್ನವೆಲ್ಲ ಅವನು ಕುಳಿತೇ ನಿದ್ದೆ ಮಾಡಿದ. ಆಕೆ ಎದುರಿಗೆ ಕುಳಿತು ಕಾದಳು. ತಲೆ ಸ್ವಲ್ಪ ಎತ್ತಿದರೂ, “ತಗ್ಗಸು, ತಗ್ಗಸು” ಎನ್ನುವಳು. ನೋಡಲು ಬಂದ ಗುರುಶಾಂತ, “ಮಾವಾ, ಹೊಸಾ ಮದಮಗಳಂಗ ತಲಿ ತಗ್ಗಿಸಿ ಕುಂತೀ ನೋಡು” ಎಂದು ಬೈಸಿಕೊಂಡು ಹೋದ.

20ನೆಯ ತಾರೀಖಿನ ತಪಾಸಣೆಯಲ್ಲಿ ಗುಳ್ಳೆ ಇನ್ನೂ ಅರ್ಧ ಕಣ್ಣು ತುಂಬಿತ್ತು, ಏನೂ ಹೇಳಲಾಗಲಿಲ್ಲ. ಮೂರು ವಾರ ಬಿಟ್ಟು ಬರಲು ಹೇಳಿದರು. ಹಂಪಮ್ಮ ಊರಿಗೆ ಹೋಗುವುದಿಲ್ಲವೆಂದಳು. ಆ ಮೂರು ವಾರ ಆಕೆ ಊಟಕ್ಕೆ ಕರೆದರೆ ಬಂದು ಕುಳಿತು ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಗುಳ್ಳೆ ದಿನಕ್ಕಿಷ್ಟು ಕಿರಿದಾಗಿ, ಮಟ್ಟ ನೋಡುವ ಕೊಳವೆಯೊಳಗಿನ ಗುಳ್ಳೆಯಷ್ಟಾಗಿ, ಮಾರ್ಚ್ 7ರ ಗುರುವಾರ ಬೆಳಿಗ್ಗೆ ಇಲ್ಲವಾಯಿತು. ದೃಷ್ಟಿ ತಿಳಿಯಾದಂತೆ ತಾಯಪ್ಪನಿಗೆ ಅನ್ನಿಸಿತು. ಆದರೆ ಆಸೆಯಿಂದ ಅನ್ನಿಸುತ್ತಿದೆಯೋ ಏನೋ ಎಂದು ಯಾರಿಗೂ ಹೇಳಲಿಲ್ಲ.

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತಾಯಪ್ಪ ಯಂತ್ರದ ಮುಂದೆ ಗದ್ದವಿಟ್ಟ. ಹಂಪಮ್ಮ ಹೊರಗಿನ ಬೆಂಚಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ವೈದ್ಯೆ ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಜನವರಿಯದರಲ್ಲಿ ನಡುವೆ ಕತ್ತರಿಸಿದಂತೆ ಬಿರುಕು. ಇಂದಿನದರಲ್ಲಿ ಪದರ ಈ ತುದಿಯಿಂದ ಆ ತುದಿಗೆ ಅಖಂಡ, ನಡುವೆ ಇರಬೇಕಾದ ಸಹಜವಾದ ಸಣ್ಣ ತಗ್ಗು. ತೂತು ಮುಚ್ಚಿತ್ತು. ಗೋಡೆಯ ಪಟದಲ್ಲಿ 58 ಗುರುತು. ಚೌಕದ ಹಾಳೆಯಲ್ಲಿ ಒಂದೇ ಗೆರೆ, ಅದೂ ಕೂದಲೆಳೆಯಷ್ಟು, ಬಾಗಿತ್ತು. ಅದು ಹಾಗೆಯೇ ಉಳಿಯಲೂಬಹುದು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ತಾಯಪ್ಪ ಎದ್ದು ಕೈ ಮುಗಿದ.

ಕೋಕಿಲಾ ಅವನಿಗಿಂತ ಮೊದಲು ಹೊರಗೆ ಬಂದಳು.

“ಮುಚ್ಚಿದೆ ಅಜ್ಜಿ. ಪೂರ್ತಿ ಮುಚ್ಚಿದೆ.”

“ನಾ ತಿರುವಿ ಹಾಕಿದ್ದು?”

“ಅದರಿಂದ ಏನೂ ಆಗಿಲ್ಲ.”

“ಡಾಕ್ಟರಮ್ಮನ ಬಾಯಿಲೆ ಹೇಳಸು. ನೀ ಒಳ್ಳೆ ಹುಡುಗಿ, ನನ್ನ ಸಮಾಧಾನಕ್ಕ ಹೇಳ್ತಿ.”

ವೈದ್ಯೆ ಹೊರಗೆ ಬಂದು, ತಮಗೆ ತಿಳಿದಷ್ಟು ಕನ್ನಡದಲ್ಲಿ, “ಕಣ್ಣು ಬಾಗಾ ಉಂದಿ, ಚೆನ್ನಾಗಿ ಇದೆ ಅಮ್ಮಾ” ಎಂದರು. ಹಂಪಮ್ಮ ಬೆಂಚಿನಿಂದ ಎದ್ದು, ತಾಯಪ್ಪನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಬಲಗಣ್ಣನ್ನು ಬಹಳ ಹೊತ್ತು ನೋಡಿದಳು.

“ನಡಿ ಮನಿಗೆ,” ಎಂದಳು. “ಹಸಿವು ಭಾಳ ಆಗೈತಿ.”