ಆರ್ಕಿಡ್‌ಗೆ ಮ್ಯಾಚಿಂಗ್

ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಆರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಶಿವಾಜಿನಗರದ ಮ್ಯಾಚಿಂಗ್ ಸೆಂಟರಿನಲ್ಲಿ ಮೂವತ್ತು ವರ್ಷದಿಂದ ರವಿಕೆ ಬಟ್ಟೆ ಹರಿದುಕೊಡುತ್ತಿರುವವಳು ನಾನು. ಸೀರೆ ತಂದವರನ್ನು ಬಾಗಿಲಿಗೆ ಎಳೆದು ತಂದು, "ಬಿಸಿಲಲ್ಲಿ ನೋಡ್ರೀ, ಆಮೇಲೆ ನನ್ನ ಬೈಬೇಡಿ" ಅನ್ನುತ್ತೇನೆ. ನನ್ನ ಕಣ್ಣು ತಪ್ಪುವುದಿಲ್ಲ ಅನ್ನುವ ಜಂಬ ನನಗಿತ್ತು.

ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಸೀರೆಯಿಲ್ಲ, ಕೈಯಲ್ಲಿ ಬರೀ ಫೋನು. ಅದರಲ್ಲಿ ಗೇಣುದ್ದದ ಒಂದು ಗಿಡ, ಮೈತುಂಬ ಹೂ. ಹಿಮಾಲಯದಲ್ಲಿ ಮರವೇ ಬೆಳೆಯದಷ್ಟು ಎತ್ತರದ ಹುಲ್ಲುಗಾವಲಿನ ಕಾಡು ಆರ್ಕಿಡ್ ಅಂತೆ.

"ಆಂಟಿ, ಎಲ್ಲ ಒಂದೇ ಜಾತಿ. ಒಂದು ಗಿಡದಲ್ಲಿ ಕಡುಗೆಂಪು, ಪಕ್ಕದ್ರಲ್ಲಿ ಗುಲಾಬಿ, ಇನ್ನೊಂದ್ರಲ್ಲಿ ಬಿಳಿ. ಯಾವ ಬಣ್ಣಕ್ಕೆ ದುಂಬಿ ಜಾಸ್ತಿ ಬರುತ್ತೆ ಅಂತ ನನ್ನ ರಿಸರ್ಚ್‌ಗೆ ನೋಡ್ಬೇಕು. ಫೋಟೋದಲ್ಲಿ ಬಣ್ಣ ಸರಿಯಾಗಿ ಬರಲ್ಲ, ಪೇಪರ್ ಚಾರ್ಟು ಹೋದ್ಸಲ ಮಳೆಗೆ ನೆಂದ್ಹೋಯ್ತು. ಹೂವಿನ ಪಕ್ಕ ಹಿಡಿದು ಬಣ್ಣ ಹೋಲ್ಸಿ ನೋಡೋಕೆ ಬಟ್ಟೆ ತುಂಡು ಬೇಕು."

"ದುಂಬಿ ಜೇನು ಕುಡಿಯೋಕ್ ತಾನೇ ಬರೋದು? ಬಣ್ಣ ಕಟ್ಕೊಂಡು ಅದಕ್ಕೇನಾಗ್ಬೇಕು?"

"ಇದ್ರಲ್ಲಿ ಜೇನೇ ಇಲ್ಲ! ಬಣ್ಣ ತೋರ್ಸಿ ಮೋಸ ಮಾಡುತ್ತೆ. ಕೆಂಪಲ್ಲಿ ಮೋಸ ಹೋದ ದುಂಬಿ, ಇದಾದ್ರೂ ಬೇರೆ ಇರ್ಬಹುದು ಅಂತ ಬಿಳೀಗೆ ಹೋಗುತ್ತೇನೋ. ಹಾಗೆ ಪರಾಗ ಹೊತ್ಕೊಂಡು ಓಡಾಡೋದ್ರಿಂದ್ಲೇ ಎಲ್ಲ ಬಣ್ಣಾನೂ ಉಳ್ಕೊಂಡಿದೆ ಅಂತ ನನ್ನ ಅಂದಾಜು."

"ನಮ್ಮ ಗಿರಾಕಿಗಳ ಹಾಗೇ ಕಣಮ್ಮ ನಿನ್ನ ದುಂಬಿ," ಅಂದೆ. "ಈ ಅಂಗಡೀಲಿ ಮೋಸ ಹೋದ್ರೆ ಪಕ್ಕದ ಅಂಗಡಿ."

ಕಡುಗೆಂಪಿನಿಂದ ಬಿಳಿಯವರೆಗೆ ಹನ್ನೆರಡು ತುಂಡು ಆರಿಸಿ, ಮನೆಗೆ ಒಯ್ದು ಸಾಲಾಗಿ ಹೊಲಿದು, ದಾರದಲ್ಲೇ ನಂಬರ್ ಹಾಕಿಕೊಟ್ಟೆ. "ಹೂ ಇರೋದೇ ಎರಡು ವಾರ ಆಂಟಿ. ನನ್ನ ಕೆಲ್ಸ ಎಲ್ಲ ಇದ್ರ ಮೇಲೇ ನಿಂತಿದೆ," ಅಂತ ಎದೆಗೊತ್ತಿಕೊಂಡು ಹೋದಳು.

ಅವಳು ಬೆಟ್ಟ ಹತ್ತಿದ ಮೇಲೆ ಆಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿನದು ಇನ್ನೂ ಬಾಕಿ. ಪೊರೆಯಿಂದ ಮಂಜಾಗುತ್ತದೆ ಅಂತ ಗೊತ್ತಿತ್ತು, ಬಣ್ಣವೂ ಕೆಡುತ್ತದೆ ಅಂತ ಯಾರು ಕಂಡಿದ್ದರು! ಪಟ್ಟಿ ಬಿಚ್ಚಿದ ಮಾರನೆಯ ದಿನ, ಮರ್ಫಿ ಟೌನಿನ ನಮ್ಮ ಮನೆಯ ಕಿಟಕಿಯಲ್ಲಿ, ಆ ಹನ್ನೆರಡನೆಯ ತುಂಡಿನಿಂದ ಉಳಿದ ಚೂರು ಕಣ್ಣಿಗೆ ಬಿತ್ತು. ಬಲಗಣ್ಣು ಮುಚ್ಚಿ, ಬಿಳಿ ಹತ್ತಿಯ ಪಕ್ಕ ಹಿಡಿದು ನೋಡಿದರೆ ಎರಡೂ ಒಂದೇ ಬಿಳಿ. ಎಡಗಣ್ಣು ಮುಚ್ಚಿ ನೋಡಿದರೆ ಹತ್ತಿ ಮಾತ್ರ ಬಿಳಿ, ಚೂರು ಕೆನೆ ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಊರಿಗೆಲ್ಲ ಹೇಳುವವಳು ನಾನೇ! ಆ ಮಗುವಿನ ಎರಡು ವಾರ ನನ್ನಿಂದ ಹಾಳಾಯಿತಲ್ಲ ಅಂತ ಫೋನ್ ಮಾಡಿದರೆ ಸಿಗಲೇ ಇಲ್ಲ.

ಅಂಗಡಿಯ ಸಾಹೇಬರ ಹತ್ತಿರ ಹೋಗಿ, "ನನ್ನ ಕಣ್ಣು ಹೋಯ್ತು, ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ," ಅಂದೆ.

ಅವರು ಬಟ್ಟೆ ಮಡಚುತ್ತಲೇ ಇದ್ದರು. "ಅಕ್ಕಾ, ಆರು ತಿಂಗಳಿಂದ ಬಿಳಿ ಕೇಳಿದವ್ರಿಗೆ ನೀವು ಕೆನೆ ಕೊಡ್ತಿದೀರ. ಗಿರಾಕಿ ಬಾಗಿಲು ದಾಟೋಕ್ ಮುಂಚೆ ನಾನೇ ಬದಲಾಯಿಸಿ ಕಳಿಸ್ತಿದೀನಿ. ಇನ್ನೊಂದು ಕಣ್ಣೂ ಮಾಡಿಸ್ಕೊಂಡ್ ಬನ್ನಿ."

ನಾಚಿಕೆಯಾಯಿತು, ಅಳುವೂ ಬಂತು. ಆರು ತಿಂಗಳು ಒಂದು ಮಾತಾಡದೆ ನನ್ನ ಮಾನ ಕಾಪಾಡಿದ್ದರು ಪುಣ್ಯಾತ್ಮ.

ಹುಡುಗಿ ವಾಪಸು ಬಂದಾಗ ಬೆಟ್ಟದ ಬಿಸಿಲಿಗೆ ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ನನ್ನ ತಪ್ಪನ್ನೆಲ್ಲ ಒಪ್ಪಿಸಿಬಿಟ್ಟೆ.

"ಅಯ್ಯೋ ಆಂಟಿ, ನಾನು ಬಣ್ಣದ ಹೆಸರು ಬರೆದೇ ಇಲ್ಲ, ತುಂಡಿನ ನಂಬರ್ ಬರೆದಿದೀನಿ. ಹನ್ನೆರಡಕ್ಕಿಂತ ಬೆಳ್ಳಗಿರೋ ಹೂ ಸಿಕ್ಕಿದ ಕಡೆಯೆಲ್ಲ 'ಆಂಟೀನ ಕೇಳ್ಬೇಕು' ಅಂತ ಹಾಕಿದೀನಿ. ಅಷ್ಟಕ್ಕೂ ದುಂಬಿಗೆ ಈ ಬಣ್ಣಗಳು ಕಾಣೋದೇ ಬೇರೆ ಥರ. ಅದರ ಲೆಕ್ಕಕ್ಕೆ ನಿಮ್ ಕಣ್ಣೂ ಅಷ್ಟೇ, ನನ್ ಕಣ್ಣೂ ಅಷ್ಟೇ." ಪುಸ್ತಕ ತೆಗೆದು ತೋರಿಸಿದಳು. "ಮುಂದಿನ ಸಲಕ್ಕೆ ಹದಿಮೂರನೇ ತುಂಡು ಬೇಕು. ನೀವೇ ಕೊಡ್ಬೇಕು."

ನಾಲ್ಕು ಥರದ ಬಿಳಿ ಬಟ್ಟೆ ಎತ್ತಿಕೊಂಡು ಬಾಗಿಲಿಗೆ ಹೋದೆ. ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಒಂದನ್ನು ಆರಿಸಿದೆ. ಯಾವಾಗಲೂ ಆರಿಸಿದ ಕೈಯಲ್ಲೇ ಚರ್ರೆಂದು ಹರಿಯುವವಳು ನಾನು. ಈ ಸಲ ಹರಿಯಲಿಲ್ಲ. ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ.

"ನೀನೂ ಒಂದ್ಸಲ ನೋಡಮ್ಮ."

ಅವಳು ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿದಳು. "ಬಿಳೀನೇ ಆಂಟಿ."

ಆಮೇಲೆ ಹರಿದೆ.