ಹೇಳದೆ ಹೋಗುವವರ ಪಕ್ಷ

ಕಳೆದ ವಾರ ಮಗಳನ್ನು ಶಾಲೆಯ ಜಿಮ್ಮಿನಿಂದ ಕರೆತರುವಾಗ ಕಾರಿನ ತುಂಬ ನೋವಿನ ಮುಲಾಮಿನ ವಾಸನೆ. ಕಾಲು ಉಳುಕಿದೆಯೆಂದು ಅವಳು ಯಾರದೋ ಡಬ್ಬಿಯಿಂದ ತೆಗೆದು ಬಳಿದುಕೊಂಡಿದ್ದಳು. ಕರ್ಪೂರ, ಪುದೀನ, ಬೆವರು, ಚೆಂಡಿನ ರಬ್ಬರು ಎಲ್ಲ ಕಲಸಿದ ಘಾಟು. ಚಳಿಯಿದ್ದರೂ ಕಿಟಕಿ ಇಳಿಸಿದೆ. "ಅಮ್ಮಾ, ಇಟ್ಸ್ ಫ್ರೀಜಿಂಗ್!" ಎಂದು ಕೂಗಿಕೊಂಡಳು. ಏರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಸಿದೆ.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ, ಆಫೀಸಿನ ಮೀಟಿಂಗ್ ನಡೆಯುವಾಗ ಕ್ಯಾಮೆರಾ ಆಫ್ ಮಾಡಿ ಮನೆಯೆಲ್ಲ ಸುತ್ತುತ್ತೇನೆ. ಆ ವಾಸನೆ ಪಕ್ಕದ ಮನೆಯ ಅಂಕಲ್ ಅವರದು. ಎರಡೂ ಮೊಣಕಾಲಿಗೆ ಧಾರಾಳವಾಗಿ ಮುಲಾಮು ಮೆತ್ತಿಕೊಂಡು ಓಡಾಡುತ್ತಿದ್ದರು. ಅವರು ಬಾಗಿಲು ತಟ್ಟುವ ಮೊದಲೇ ವಾಸನೆ ಬಂದು ಹೇಳುತ್ತಿತ್ತು.

ನಾವು ಷಾರ್ಲೆಟ್ ಬಿಟ್ಟು ಮಾರಿಸ್‌ವಿಲ್‌ನ ಈ ಟೌನ್‌ಹೌಸಿಗೆ ಬಂದದ್ದು 2020ರಲ್ಲಿ. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಹಾಗಾಗಿ ಪಕ್ಕದವರ ಪರಿಚಯವಾದದ್ದು ಎರಡೂ ಮನೆಗಳಿಗೆ ಒಂದೇ ಆದ ನಡುಗೋಡೆಯ ಮೂಲಕ. ಚಳಿಗಾಲದ ಒಂದು ಶನಿವಾರ ಗೋಡೆಯ ಆಚೆಯಿಂದ ಅಚ್ಚ ಮೈಸೂರು ಕನ್ನಡ ಕೇಳಿಸಿತು. "ಅಯ್ಯೋ ಮಂಕೇ, ಪಾಸ್ ಕೊಡೋ! ಎಡಗಡೆ ನಿಂತವ್ನೆ ನೋಡೋ!" ಯಾರೋ ಮಗನನ್ನು ಬೈಯುತ್ತಿದ್ದಾರೆ, ಪಾಪ, ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಟೀವಿಯಲ್ಲಿ ಕಾಲೇಜು ಬಾಸ್ಕೆಟ್‌ಬಾಲ್. ಆ ವರ್ಷ ಹುಡುಗರು ಖಾಲಿ ಸ್ಟೇಡಿಯಮ್ಮಿನಲ್ಲಿ ಆಡುತ್ತಿದ್ದರು. ಬರಲಾಗದ ಪ್ರೇಕ್ಷಕರ ಕೂಗನ್ನೆಲ್ಲ ಅಂಕಲ್ ಒಬ್ಬರೇ ಕೂಗುತ್ತಿದ್ದರು.

ನಮ್ಮ ಊರಿನಿಂದ ಅರ್ಧ ಗಂಟೆಯ ದಾರಿಯೊಳಗೆ ಎರಡು ವಿಶ್ವವಿದ್ಯಾಲಯಗಳಿವೆ. ಎರಡರ ತಂಡದ ಬಣ್ಣವೂ ನೀಲಿಯೇ. ಒಂದರದು ತಿಳಿ, ಇನ್ನೊಂದರದು ಕಡು. ಹೊರಗಿನಿಂದ ಬಂದವರಿಗೆ ಇದೇನು ಮಹಾ ಅನ್ನಿಸುತ್ತದೆ. ಇಲ್ಲಿಯವರಿಗೆ ಇದು ಅಣ್ಣ ತಮ್ಮಂದಿರು ಮಾತು ಬಿಡುವ ವಿಷಯ. ಅಂಕಲ್ ಬಹಳ ಹಿಂದೆ ಓದಲು ಬಂದದ್ದು ತಿಳಿನೀಲಿಗೆ. ಅವರ ಜೀವದ ಗೆಳೆಯ, ಹುಬ್ಬಳ್ಳಿಯ ಡಾಕ್ಟ್ರು, ತರಬೇತಿ ಪಡೆದದ್ದು ಕಡುನೀಲಿಯಲ್ಲಿ. ಇದೊಂದನ್ನು ಬಿಟ್ಟರೆ ಅವರಿಬ್ಬರ ನಡುವೆ ಜಗಳವಾಡಲು ಬೇರೇನೂ ಇರಲಿಲ್ಲ. ಇದೊಂದೇ ಅವರಿಗೆ ಸಾಕಾಗಿತ್ತು.

ನನಗೆ ಇದರ ತಲೆಬುಡ ಗೊತ್ತಿರಲಿಲ್ಲ. ಮತ್ತೆ ಮನೆಮನೆಗೆ ಹೋಗಿ ಬರುವುದು ಶುರುವಾದ ಮೊದಲ ಸಂಕ್ರಾಂತಿಗೆ, ಎಳ್ಳುಬೆಲ್ಲದ ಡಬ್ಬಿ ಹಿಡಿದು, ನನ್ನ ಮದುವೆಯ ಕಡುನೀಲಿ ರೇಷ್ಮೆ ಸೀರೆ ಉಟ್ಟು ಅವರ ಮನೆಗೆ ಹೋದೆ. ಒಳಗೆ ಟೀವಿಯಲ್ಲಿ ತಿಳಿನೀಲಿಯ ಆಟ. ಸೋಫಾದಲ್ಲಿ ಕೂತಿದ್ದ ಡಾಕ್ಟ್ರು ಎದ್ದು ಎರಡೂ ಕೈ ಚಾಚಿದರು. "ಬರ್ರಿ ಬರ್ರಿ, ನಮ್ಮ ಪಾರ್ಟಿಯವರು ಬಂದ್ರು ನೋಡು!" ಅಂಕಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೀರೆ ಏನೋ ಚೆನ್ನಾಗಿದೆ ಕಣಮ್ಮ. ಇವತ್ತೇ ಉಡಬೇಕಾಗಿತ್ತಾ?" ಅಂದರು. ಆವತ್ತು ಅವರ ಕಡೆಯವರು ಸೋತರು. ಅದಾದ ಮೇಲೆ ಸೋತಾಗಲೆಲ್ಲ ನನ್ನ ಸೀರೆಯ ಹೆಸರು ಬರುತ್ತಿತ್ತು.

ಇಬ್ಬರೂ ಈಗಿನ ಆಟಗಾರರ ಬಗ್ಗೆ ಮಾತಾಡುತ್ತಿದ್ದುದು ಕಡಿಮೆ. ಅವರ ಜಗಳವೆಲ್ಲ ಹಳೆಯ ಕೋಚ್‌ಗಳ ಮೇಲೆ. ಯಾರು ದೊಡ್ಡವರು, ಯಾರು ಬೆಂಚಿನ ಮೇಲೆ ಕೂತ ಹುಡುಗನನ್ನೂ ಹೆಸರು ಹಿಡಿದು ಕರೆಯುತ್ತಿದ್ದರು, ಯಾರ ಕೈಕೆಳಗಿನವರು ಮುಂದೆ ಬಂದರು… ಎಲ್ಲಿಂದ ಹೊರಟರೂ ಕೊನೆಗೆ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಅಂಕಲ್‌ರ ಆರಾಧ್ಯದೈವವಾಗಿದ್ದ ಕೋಚ್, ಇನ್ನೇನು ಆಟದ ಋತು ಶುರುವಾಗಬೇಕು ಅನ್ನುವಾಗ, ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಸಾಕು ಎಂದು ತಂಡವನ್ನು ಸಹಾಯಕನ ಕೈಗೆ ಕೊಟ್ಟು ಎದ್ದು ಹೋದವರು. ಡಾಕ್ಟರ ಕಡೆಯ ಕೋಚ್ ಬಿಡುತ್ತೇನೆಂದು ಒಂದು ವರ್ಷ ಮುಂಚೆಯೇ ಸಾರಿ, ಊರೂರಲ್ಲಿ ಸನ್ಮಾನ ಮಾಡಿಸಿಕೊಂಡು, ಎಲ್ಲರಿಗೂ ಕೈ ಬೀಸಿ ಹೋದವರು.

"ಹೇಳಿ ಹೋಗೂದು ಮನಷ್ಯಾರ ಲಕ್ಷಣಲೇ," ಎನ್ನುತ್ತಿದ್ದರು ಡಾಕ್ಟ್ರು. "ಉಂಡ ಮನಿಯಿಂದ ಎದ್ದಾಗ ಹೋಗಿ ಬರ್ತೀನಿ ಅನ್ನೂದಿಲ್ಲೇನು?"

"ಆಟ ಹುಡುಗ್ರದ್ದು ಕಣೋ. ವರ್ಷವೆಲ್ಲ ಮುದುಕನಿಗೆ ಆರತಿ ಎತ್ಕೊಂಡು ನಿಂತ್ರೆ ಅವರು ಆಡೋದ್ ಯಾವಾಗ?"

ಆಂಟಿ ಒಳಗಿನಿಂದ ಕಾಫಿ ತಂದಿಟ್ಟು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅಂಕಲ್ ಬರೀ ಬಾಯಿಮಾತಿಗೆ ಹಾಗನ್ನುತ್ತಿರಲಿಲ್ಲ. ನಮ್ಮವರಲ್ಲಿ ಬಾಗಿಲ ಬಳಿ ನಿಂತು ಅರ್ಧ ಗಂಟೆ ಮಾತಾಡದೆ ಯಾರು ತಾನೇ ಹೊರಡುತ್ತಾರೆ? ಅಂಕಲ್ ಮಾತ್ರ, ಆಂಟಿ ಇನ್ನೂ ಕುಂಕುಮ ಇಡಿಸಿಕೊಳ್ಳುತ್ತಿರುವಾಗಲೇ ಕಾರಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅವರು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಟೀವಿಯ ಮುಂದೆ ಅಷ್ಟು ಕಿರುಚುವ ಮನುಷ್ಯ ಆಟದ ಕೋರ್ಟಿನಲ್ಲಿ ಬೇರೆಯೇ ಆಗಿಬಿಡುತ್ತಿದ್ದರು. ಸುತ್ತಲ ಮನೆಗಳ ಹೆಣ್ಣುಮಕ್ಕಳನ್ನು ಸೇರಿಸಿ ಊರಿನ ಮಕ್ಕಳ ಲೀಗಿಗೆ ಒಂದು ತಂಡ ಕಟ್ಟಿದ್ದರು. ನನ್ನ ಮಗಳನ್ನೂ ಎಳೆದುಕೊಂಡು ಹೋದರು. ತಲೆ ಎತ್ತಿ ಯಾರ ಮುಖವನ್ನೂ ನೋಡದಿದ್ದ ಹುಡುಗಿ ಅವಳು. ಅಭ್ಯಾಸ ಮುಗಿದ ಮೇಲೆ ಅವರದೊಂದು ಕಟ್ಟಳೆಯಿತ್ತು. ಎಲ್ಲರೂ ಸುತ್ತ ನಿಂತು, ಒಬ್ಬಳು ಇನ್ನೊಬ್ಬಳ ಹೆಸರು ಹೇಳಿ, ಅವಳು ಆವತ್ತು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೇಳಬೇಕು. ಕನ್ನಡದಲ್ಲೇ ಹೇಳಬೇಕು. "ನೀನು ಇವತ್ತು ತುಂಬಾ ಗುಡ್ ಆಗಿ ಪಾಸ್ ಮಾಡಿದೆ" ಎಂದು ಆ ಮಕ್ಕಳು ಒತ್ತಿ ಒತ್ತಿ ಹೇಳುವುದನ್ನು ಕೇಳಲು ನಾವು ತಾಯಂದಿರು ಸ್ವಲ್ಪ ಮೊದಲೇ ಹೋಗಿ ಕಾಯುತ್ತಿದ್ದೆವು. ನನ್ನ ಮಗಳು ಅವರನ್ನು ಕೋಚ್ ಅಂಕಲ್ ಎಂದು ಕರೆದಳು, ತಲೆ ಎತ್ತಿಯೇ ಕರೆದಳು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಮಗಳು ತಂಡ ಸೇರಿದ ಎರಡನೆಯ ವರ್ಷ, ಟೂರ್ನಮೆಂಟಿಗೆ ಇನ್ನು ಕೆಲವೇ ವಾರಗಳಿರುವಾಗ, ಒಂದು ಶನಿವಾರ ಅವರು ಬರಲಿಲ್ಲ. ಅವರ ಜಾಗದಲ್ಲಿ, ಹಿಂದೆ ಅವರ ಬಳಿಯೇ ಕಲಿತ ಒಬ್ಬ ಕಾಲೇಜು ಹುಡುಗಿ ನಿಂತಿದ್ದಳು. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು: ಇನ್ನು ಮುಂದೆ ಇವಳೇ ನಿಮ್ಮ ಕೋಚ್, ಚೆನ್ನಾಗಿ ಆಡಿ. ಯಾಕೆ, ಏನು, ಒಂದೂ ಇಲ್ಲ.

ಮಗಳು ಮನೆಗೆ ಬಂದು ಶೂ ಬಿಚ್ಚುತ್ತ ಕೇಳಿದಳು, "ಅಮ್ಮಾ, ಇಟ್ಸ್ ಬಿಕಾಸ್ ಆಫ್ ಮಿ, ಅಲ್ವಾ?" ಹಿಂದಿನ ಅಭ್ಯಾಸದ ದಿನ ಅವರು ಅವಳನ್ನು ಪಾಯಿಂಟ್ ಗಾರ್ಡ್ ಆಡು ಎಂದಿದ್ದರಂತೆ. ಅಂದರೆ ತಂಡವನ್ನು ನಡೆಸುವವಳು. ಇವಳು ಹೆದರಿ, ಆಡಲ್ಲ ಎಂದು ಎಲ್ಲರೆದುರು ಹಟ ಹಿಡಿದಿದ್ದಳಂತೆ. ಅದಕ್ಕೇ ಬೇಜಾರಾಗಿ ಬಿಟ್ಟರು ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ನಾನು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ಕಡಿಮೆಯಾಯಿತು, ಮುಖ ಮತ್ತೆ ನೆಲ ನೋಡತೊಡಗಿತು.

ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕದ ಮನೆಯ ಬೆಲ್ ಒತ್ತಿದರೆ ಆಂಟಿ ಬಾಗಿಲನ್ನು ಅರ್ಧ ತೆರೆದು, "ಮಲಗಿದಾರಮ್ಮ" ಅನ್ನುತ್ತಿದ್ದರು. ಮತ್ತೆ ಹೋದೆ, ಮತ್ತೆ ಅದೇ ಉತ್ತರ. ಆಟದ ದಿನಗಳಲ್ಲಿ ಗೋಡೆಯ ಆಚೆ ಕೂಗಿಲ್ಲ. ಆದರೆ ಫೋನಿನಲ್ಲಿ ಡಾಕ್ಟರ ಜೊತೆಗಿನ ಜಗಳ ಮಾತ್ರ ಕೇಳಿಸುತ್ತಿತ್ತು. ಸ್ಪೀಕರಿನಲ್ಲಿ ಡಾಕ್ಟರ ದನಿ ಜೋರು, ಇವರದು ಕೆಳಗೆ. ನಾನು ಮೆಟ್ಟಿಲು ಹತ್ತುವುದು, ಇಳಿಯುವುದು, ಗೋಡೆಯ ಪಕ್ಕ ನಿಲ್ಲುವುದು, ನಾಚಿಕೆಯಾಗಿ ದೂರ ಹೋಗುವುದು…

ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಡಾಕ್ಟ್ರು ಸಿಕ್ಕಾಗ, ಅಂಕಲ್ ಹುಷಾರಾಗಿದ್ದಾರಾ ಎಂದು ಕೇಳಿದೆ. "ಅವಗೇನಾಗ್ಯದ್ರೀ? ಕಮ್ಮಿಂಗ್‌ದಾಗ ಮಗನ ಮನ್ಯಾಗ ಅದಾನ. ಮೊಮ್ಮಕ್ಕಳ ಜೋಡಿ ಮಜಾ ಮಾಡಾಕತ್ತಾನ. ದಿನಾ ಫೋನ್ ಹಚ್ಚಿ ನನ್ನ ತಲಿ ತಿಂತಾನ," ಎಂದು ನಕ್ಕರು. ದೂರದ ಜಾರ್ಜಿಯಾದಲ್ಲಿ ಮಗನ ಮನೆಯಲ್ಲಿದ್ದಾರೆ ಎಂದು ಡಾಕ್ಟ್ರು ನಂಬಿದ್ದ ಮನುಷ್ಯ ನನ್ನ ಗೋಡೆಯ ಆಚೆ ಮಲಗಿದ್ದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಏನೋ ಕೆಟ್ಟದ್ದೇ ಇರಬೇಕು ಎಂದು ಆವತ್ತು ಹೊಳೆಯಿತು.

ಅದಾಗಿ ಎರಡು ಮೂರು ದಿನಕ್ಕೆ ನಮ್ಮ ಸಾಲಿನ ಮನೆಗಳ ಅಂಚೆಪೆಟ್ಟಿಗೆಗಳ ಹತ್ತಿರ ಅವರೇ ಎದುರಾದರು. ಉಣ್ಣೆ ಟೋಪಿ, ಜೋತುಬಿದ್ದ ಕೋಟು. ಮುಖ ಅರ್ಧಕ್ಕೆ ಇಳಿದಿತ್ತು. ನೋಡಿದರೆ ಎಲ್ಲ ಗೊತ್ತಾಗುತ್ತಿತ್ತು, ಕೇಳುವ ಅಗತ್ಯವಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಬೇರೆ ಮಾತು. "ಅಂಕಲ್, ತನ್ನಿಂದಲೇ ನೀವು ಬಿಟ್ರಿ ಅಂತ ನನ್ ಮಗಳು ಕೊರಗ್ತಾ ಇದಾಳೆ."

ಅವರು ಕೀ ತಿರುಗಿಸುತ್ತಿದ್ದವರು ಹಾಗೇ ನಿಂತರು. "ಅವಳಿಂದಾನಾ?" ಎಂದರು. "ಅಯ್ಯೋ… ಅವಳಿಂದಾನಾ?" ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ತೆಗೆದುಕೊಳ್ಳದೆಯೇ ಮನೆಯ ಕಡೆ ನಡೆದರು.

ಆವತ್ತೇ ಸಂಜೆ ಬಂದರು, ಆಂಟಿಯ ಕೈ ಹಿಡಿದುಕೊಂಡು. ಸೋಫಾ ತೋರಿಸಿದರೆ ಬೇಡವೆಂದು, ಮೆಟ್ಟಿಲ ಮೇಲೆ ಕೂತಿದ್ದ ಮಗಳ ಪಕ್ಕದಲ್ಲೇ ಕಷ್ಟಪಟ್ಟು ಕೂತರು. "ನೋಡು ಪುಟ್ಟಿ, ನಂಗೆ ಹೊಟ್ಟೇಲಿ ಕ್ಯಾನ್ಸರ್. ಅದಕ್ಕೇ ಬರ್ತಿಲ್ಲ. ನೀನು ಆಡಲ್ಲ ಅಂದಿದ್ದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಅವಳು ತಲೆ ಎತ್ತಿ ಅವರ ಮುಖ ನೋಡಿದಳು. "ಹಾಗಾದ್ರೆ ನೀವು ನನ್ ಮೇಲೆ ಮ್ಯಾಡ್ ಇಲ್ವಾ?"

"ಇಲ್ಲ ಕಣೇ."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ತಮ್ಮ ಪಕ್ಷವನ್ನು ಆ ಮನುಷ್ಯ ಯಾರಿಗೂ ಬಿಟ್ಟುಕೊಟ್ಟವರಲ್ಲ. ಮಕ್ಕಳು ಆಟ ಬಿಟ್ಟು ತನ್ನ ಮುಖ ನೋಡಬಾರದು ಎಂದೇ ಎದ್ದು ಬಂದಿದ್ದರು. ಈಗ ಒಂದು ಮಗುವಿಗಾಗಿ ಅದನ್ನೂ ಬಿಟ್ಟರು. ಉಳಿದವರಿಗೆ ಟೂರ್ನಮೆಂಟ್ ಮುಗಿಯುವವರೆಗೆ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡರು. ಹೊರಡುವಾಗ ನಾನು ತಡೆಯಲಾರದೆ ಕೇಳಿದೆ, "ಡಾಕ್ಟ್ರಿಗಾದರೂ ಹೇಳಬಾರದಾ ಅಂಕಲ್?"

"ಬೇಡಮ್ಮ. ಹೇಳಿದ್ರೆ ಅವನು ನನ್ ಜೊತೆ ಜಗಳ ಆಡೋದು ನಿಲ್ಲಿಸಿಬಿಡ್ತಾನೆ."

ಎಂದೂ ಬಾಗಿಲಲ್ಲಿ ನಿಲ್ಲದವರು ಆವತ್ತು ನಮ್ಮ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಗ್ಯಾಸ್ ಬೆಲೆ, ಹೊಸ ರಸ್ತೆ, ನಮ್ಮ ತುಳಸಿಗೆ ಬಿಸಿಲು ಸಾಲದು ಎಂಬುದು… ಆಂಟಿಯೇ ಮೆಲ್ಲಗೆ ತೋಳು ಹಿಡಿದು ಎಳೆದರು.

ಟೂರ್ನಮೆಂಟಿಗೆ ಮೊದಲೇ ಅಂಕಲ್ ಹೋದರು. ಹುಡುಗಿಯರು ಮೊದಲ ಸುತ್ತಿನಲ್ಲೇ ಸೋತರು. ಕಾಯಿಲೆಯ ಸುದ್ದಿ ಡಾಕ್ಟ್ರಿಗೆ ಮುಟ್ಟಿದ್ದು ಸಾವಿನ ಸುದ್ದಿಯ ಜೊತೆಗೇ. ಆಂಟಿ ಮಗನ ಜೊತೆ ಹೊರಟುಹೋದರು. ಪಕ್ಕದ ಮನೆಗೆ ಬಂದಿರುವ ಹೊಸಬರ ಸದ್ದೇ ಕೇಳುವುದಿಲ್ಲ, ಒಳ್ಳೆಯ ಜನ. ನನಗೆ ಅವರ ಮೇಲೆ ಕಾರಣವಿಲ್ಲದ ಸಿಟ್ಟು.

ಮೊನ್ನೆ ಭಾನುವಾರ ದೇವಸ್ಥಾನದಲ್ಲಿ ಹಳೆಯ ತಂಡದ ಹುಡುಗಿಯರೆಲ್ಲ ಸೇರಿದ್ದರು. ಈಗ ಎಲ್ಲರೂ ಹೈಸ್ಕೂಲು. ಪ್ರಸಾದದ ತಟ್ಟೆ ಹಿಡಿದು ಕೂತವರ ನಡುವೆ ಅಂಕಲ್ ಮಾತು ಬಂತು. "ಹೀ ಜಸ್ಟ್ ಘೋಸ್ಟೆಡ್ ಅಸ್," ಎಂದಳು ಒಬ್ಬಳು, ಒಂದು ಮಾತೂ ಹೇಳದೆ ಮಾಯವಾದರೆಂಬ ಇನ್ನೂ ಆರದ ಸಿಟ್ಟಿನಲ್ಲಿ. ನಾವು ಆಡಲಿ ಅಂತ ಹಾಗೆ ಮಾಡಿದರು, ಎಂದು ಇನ್ನೊಬ್ಬಳು. ಹೇಳಬೇಕಿತ್ತು, ಹೇಳಬಾರದಿತ್ತು, ಎಂದು ದನಿ ಏರತೊಡಗಿತು. ಸೋಫಾದ ಎರಡು ತುದಿಯಲ್ಲಿ ಕೂತು ಎರಡು ಮುದಿ ಜೀವಗಳು ಆಡುತ್ತಿದ್ದ ಜಗಳವನ್ನೇ ಈ ಮಕ್ಕಳು ಈಗ ಅಂಕಲ್ ವಿಷಯದಲ್ಲಿ ಆಡುತ್ತಿದ್ದರು. ನನಗೆ ಎದ್ದು ಹೋಗಬೇಕೆನಿಸಿತು. ಅಷ್ಟರಲ್ಲಿ, ಇಷ್ಟು ವರ್ಷ ತುಟಿ ಬಿಚ್ಚದಿದ್ದ ನನ್ನ ಮಗಳು ಹೇಳಿದಳು, "ಹೀ ಟೋಲ್ಡ್ ಮಿ."

ಪಕ್ಕದ ಮೇಜಿನಲ್ಲಿ ಡಾಕ್ಟ್ರು ಇದ್ದುದನ್ನು ನಾನು ಆಗಲೇ ನೋಡಿದ್ದು. ಪುಳಿಯೋಗರೆಯ ಚಮಚವನ್ನು ತಟ್ಟೆಗೆ ಇಳಿಸಿದರು. ಎದ್ದು ಹೊರಗೆ ಹೋದರು.

ನಾನು ಹಿಂದೆಯೇ ಓಡಿದೆ. ಕಾರಿನ ಬಾಗಿಲು ತೆರೆದು ಹಿಡಿದು, ಒಳಗೆ ಕೂರದೆ ನಿಂತಿದ್ದರು. "ನಿಮ್ಮ ಮಗಳಿಗೆ ಹೇಳಿದ್ನಂತ. ಖರೇನ?" ಎಂದರು. ಹೌದು ಎಂದೆ. ಮೆಟ್ಟಿಲ ಮೇಲೆ ಕೂತದ್ದು, ಆಡಿದ ಮಾತು, ಜಗಳ ನಿಲ್ಲಿಸಿಬಿಡುತ್ತೀರಿ ಎಂಬ ಹೆದರಿಕೆ, ಯಾವುದನ್ನೂ ಬಿಡದೆ ಹೇಳಿದೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಇನ್ನೂ ಗೊತ್ತಾಗುತ್ತಿಲ್ಲ.

"ನಿಲ್ಲಸ್ತಿದ್ದೆ," ಎಂದರು ಮೆಲ್ಲಗೆ. "ಅವ ಅಂದದ್ದು ಖರೆ ಅದ. ನಿಲ್ಲಿಸೇಬಿಡ್ತಿದ್ದೆ."

ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಅಂದ್ರ ಕಡೀಕ ಹೇಳೇ ಹೋದ. ಇಷ್ಟು ವರ್ಷದ ವಾದದಾಗ ನಾ ಗೆದ್ದೆ ನೋಡ್ರಿ," ಎಂದರು. "ಈಗ ಯಾರ ಮುಂದ ಹೇಳ್ಲಿ ಇದನ್ನ?"