ಮನೆಯವಳ ಓಟು

ಕಳೆದ ಭಾನುವಾರ ನನ್ನ ಹೆಂಡತಿ ನನ್ನನ್ನು ಬಿಟ್ಟು ಬೇರೆ ಗಂಡಸಿಗೆ ಓಟು ಹಾಕಿದಳು. ಗುಟ್ಟಾಗಿಯಲ್ಲ. ತುಂಬಿದ ಸಭೆಯಲ್ಲಿ, ನನ್ನ ಕಣ್ಣೆದುರಿಗೇ, ಬಳೆ ಸದ್ದಾಗುವಂತೆ ಕೈ ಎತ್ತಿ! ಬೆಳಿಗ್ಗೆ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು, "ಗೆದ್ದು ಬನ್ನಿ" ಎಂದವಳೂ ಇವಳೇ.

ನಗಬೇಡಿ. ನಿಮ್ಮ ಮನೆಯಲ್ಲಿ ಹೀಗಾದರೆ ಗೊತ್ತಾಗುತ್ತದೆ.

ಚುನಾವಣೆ ದೆಹಲಿಯದಲ್ಲ, ಎರ್ನಾಕುಲಂನ ನಮ್ಮ ಪುಟ್ಟ ಕನ್ನಡ ಕೂಟದ್ದು. ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದೆವು. ಒಬ್ಬ ನಾನು, ಮೈಸೂರಿನವನು, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಇನ್ನೊಬ್ಬರು ಕಾಸರಗೋಡಿನ ವಕೀಲ ವೆಂಕಟ್ರಮಣ ಭಟ್ಟರು. ನೋಡಲು ನನಗಿಂತ ಲಕ್ಷಣವಾಗಿದ್ದಾರೆ. (ಇದು ನನ್ನಾಕೆಯ ಅಭಿಪ್ರಾಯ. ನನ್ನದಲ್ಲ.)

ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಕಾಸರಗೋಡು ಕೇರಳದ ಪಾಲಾಯಿತಲ್ಲ, ಜಗಳ ಶುರುವಾದದ್ದು ಅಲ್ಲಿಂದ. ಅದನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಕೂಟದ ಹೆಸರಿನಲ್ಲೇ ತಿರುವನಂತಪುರಕ್ಕೂ ದೆಹಲಿಗೂ ಮನವಿ ಹೋಗಬೇಕೆಂದು ಕೂಟದ ಕಾಸರಗೋಡಿನವರ ಪಟ್ಟು. ನಮ್ಮಂಥ ಸರ್ಕಾರಿ ನೌಕರರು ಅಂಥದ್ದಕ್ಕೆ ಸೇರಿದರೆ ಕೆಲಸಕ್ಕೇ ಸಂಚಕಾರ. (ಈ ಅಂಕಣವನ್ನೇ ಬೇರೆ ಹೆಸರಿನಲ್ಲಿ ಬರೆಯುತ್ತಿಲ್ಲವೇ ನಾನು?) ನಾವು ಅವರಿಗೆ ಹೇಡಿಗಳು, ಅವರು ನಮಗೆ ಪುಂಡರು. ಒಬ್ಬರ ಮನೆ ಕಾಫಿ ಇನ್ನೊಬ್ಬರು ಕುಡಿಯುವುದೂ ನಿಂತಿತ್ತು. ಊರಿನ ಹಣೆಬರಹವೂ ಈಗ ಅದೇ ತಾನೆ? ಆಫೀಸಿಗೆ ಹೋಗುವ ಬೋಟಿನಲ್ಲಿ ಕೇರಳದ ಮಂತ್ರಿಮಂಡಲದ ಪರವಾದವರದು ಒಂದು ಬೆಂಚು, ವಿರೋಧಿಗಳದು ಇನ್ನೊಂದು.

ಸಭೆಯಲ್ಲಿ ಮೊದಲು ಮಾತಾಡಿದವನು ನಾನು. "ಇವರು ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ!" ಎಂದೆ. ನಮ್ಮವರಿಂದ ಎಂಥ ಚಪ್ಪಾಳೆ! ಗೆದ್ದೇಬಿಟ್ಟೆ ಎಂದುಕೊಂಡೆ.

ಆಮೇಲೆ ಭಟ್ಟರು ಎದ್ದರು. ತಿರುಗಿದ್ದು ನಮ್ಮ ಕಡೆಗಲ್ಲ, ತಮ್ಮವರ ಕಡೆಗೆ.

"ಅವರದ್ದು ಹೇಡಿತನ ಅಲ್ಲ ಮಾರಾಯ್ರೆ. ಕೆಲಸ ಹೋದ್ರೆ ಮಕ್ಕಳು ಎಂತ ತಿನ್ನುವುದು? ಅವರ ಜಾಗದಲ್ಲಿ ನಾನಿದ್ರೂ ಸಹಿ ಹಾಕ್ತಿರ್ಲಿಲ್ಲ. ಕೂಟದ ಹೆಸರು ಬೇಡ. ಆಗುವವರು ನಮ್ಮ ನಮ್ಮ ಹೆಸರಲ್ಲಿ ಹಾಕುವ."

ಅವರ ಸ್ವಂತ ಭಾವಮೈದುನನೇ ಎದ್ದು ನಿಂತ. "ನೀವು ಯಾರ ಕಡೆ ಭಾವ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ನಡೆದ. ಭಟ್ಟರ ಮುಖ ಸಪ್ಪಗಾಯಿತು. ಆದರೂ ಕೂರಲಿಲ್ಲ. ಈಗ ನಮ್ಮತ್ತ ತಿರುಗಿದರು.

"ನೀವು ಸಹಿ ಹಾಕುವುದು ಬೇಡ. ಆದ್ರೆ ಊರು ಕೈತಪ್ಪಿದ ಸಂಕಟ ಉಂಟಲ್ಲ, ಅದನ್ನು ಪುಂಡಾಟ ಅಂತ ಮಾತ್ರ ಹೇಳ್ಬೇಡಿ."

ಕೈ ಎತ್ತುವ ಹೊತ್ತಿಗೆ ಬಳೆ ಸದ್ದಾಯಿತು. ನಾನು ಸೋತೆ.

ಮನೆ ದಾರಿಯಲ್ಲಿ ಕೇಳಿಯೇಬಿಟ್ಟೆ, "ಅವರಲ್ಲಿ ಅಂಥದ್ದೇನು ಕಂಡೆ?"

"ನೀವು ನಿಮ್ಮೋರಿಗೆ ಇಷ್ಟವಾಗೋ ಮಾತೇ ಆಡಿದ್ರಿ. ಅದನ್ನ ಯಾರು ಬೇಕಾದ್ರೂ ಆಡ್ತಾರೆ ಕಣ್ರೀ. ಅವರು ತಮ್ಮೋರಿಗೆ ಬೇಡದ್ದನ್ನ ಹೇಳಿದ್ರು. ಪಾಪ, ಭಾವಮೈದುನನ್ನೂ ಎದುರು ಹಾಕ್ಕೊಂಡ್ರು."

ಪಾಪವಂತೆ! ಸೋತವನು ನಾನು, ಪಾಪ ಅವರು! ವಾರವಿಡೀ ಹೊಟ್ಟೆ ಉರಿಯಿತು. ಮಜ್ಜಿಗೆ ಕುಡಿದರೆ ಆರುವ ಉರಿಯಲ್ಲ ಇದು.

ದೇಶಕ್ಕೆ ಎಂಥ ನಾಯಕರು ಬೇಕೆಂದು ಇದೇ ಅಂಕಣದಲ್ಲಿ ಎಷ್ಟು ಸಲ ಉಪದೇಶ ಮಾಡಿಲ್ಲ ನಾನು? ದಕ್ಷರು ಬೇಕು, ಪ್ರಾಮಾಣಿಕರು ಬೇಕು, ಇನ್ನೂ ಏನೇನೋ. ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಎದುರು ಪಕ್ಷವನ್ನು ಬೈಯಲು ಧೈರ್ಯವೇನೂ ಬೇಡ, ಚಪ್ಪಾಳೆ ಪುಕ್ಕಟೆ ಸಿಗುತ್ತದೆ. ತನ್ನ ಬೆನ್ನ ಹಿಂದಿರುವವರಿಗೇ "ನೀವು ಮಾಡುತ್ತಿರುವುದು ಸರಿಯಲ್ಲ" ಎನ್ನುವವರು ದೆಹಲಿಯಲ್ಲಿ, ತಿರುವನಂತಪುರದಲ್ಲಿ ಎಷ್ಟು ಜನ ಇದ್ದಾರೆ? ಹಾಗೆ ಹೇಳಿದವನ ಮಾತನ್ನು ಎದುರಿನವನೂ ನಂಬುತ್ತಾನೆ. ಇಷ್ಟು ಬರೆಯಲು ನನಗೆ ಎಷ್ಟು ಸಂಕಟವಾಯಿತು ಗೊತ್ತೇ? ಅಂಥ ಮಾತನ್ನು ಆ ಸಭೆಯಲ್ಲಿ ನಾನೂ ನಮ್ಮವರಿಗೆ ಆಡಬಹುದಿತ್ತು. ಆಡಿದ್ದು ಅವರು.

ನಿನ್ನೆ ಸಂಜೆ ಭಟ್ಟರು ಮನೆಗೇ ಬಂದರು. ನಾನು ಕೂಟದ ಕಾರ್ಯದರ್ಶಿ ಆಗಬೇಕಂತೆ. "ನಂಗೆ ಎದುರು ಹೇಳುವವರು ಒಬ್ರು ಪಕ್ಕದಲ್ಲಿ ಬೇಕು ಮಾರಾಯ್ರೆ" ಎಂದರು. ಇಂಥವರನ್ನು ಮನಸಾರೆ ದ್ವೇಷಿಸುವುದಾದರೂ ಹೇಗೆ? ಒಪ್ಪಿಕೊಂಡೆ.

ಅಷ್ಟರಲ್ಲಿ ನನ್ನಾಕೆ ಕಾಫಿ ತಂದಳು. ನನಗೆ ಹಿತ್ತಾಳೆ ಲೋಟದಲ್ಲಿ. ಅವರಿಗೆ ಬೆಳ್ಳಿ ಲೋಟದಲ್ಲಿ. ಮದುವೆಯಲ್ಲಿ ಮಾವ ನನಗೆಂದೇ ಕೊಟ್ಟದ್ದು, ಇಷ್ಟು ವರ್ಷ ನಾನೊಬ್ಬನೇ ಕುಡಿದದ್ದು.

ದೇಶಕ್ಕೆ ಭಟ್ಟರಂಥವರು ಬೇಕು, ಒಪ್ಪಿದೆ. ಆದರೆ ಅವರಿಗೆ ನನ್ನ ಬೆಳ್ಳಿ ಲೋಟವೇ ಆಗಬೇಕಿತ್ತೇ?